ಹಳೆ ಬ್ರೌಸರ್‌ಗೆ ಹೊಸ ಎಂಜಿನ್ ಕೂರಿಸಬಹುದಾ?

ಹಳೆಯ ಕಂಪ್ಯೂಟರ್‌ಗಳ ಬಗ್ಗೆ ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ರೌಸರ್ ಬಗ್ಗೆಯೇ ಇವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಸರ್, ನನ್ನದು ಸಣ್ಣ ಜೆರಾಕ್ಸ್ ಅಂಗಡಿ, ಜೊತೆಗೆ ಆನ್‌ಲೈನ್ ಅರ್ಜಿ ತುಂಬಿ ಕೊಡುತ್ತೇನೆ. ಇರುವ ಎರಡು ಕಂಪ್ಯೂಟರ್‌ಗಳಲ್ಲಿ ಒಂದು ವಿಂಡೋಸ್ 7. ಅದರಲ್ಲಿ ಕ್ರೋಮ್ 109ಕ್ಕೇ ನಿಂತುಬಿಟ್ಟಿದೆ. ಕೆಲವು ವೆಬ್‌ಸೈಟ್ ತೆರೆದರೆ ಬರೀ ಬಿಳಿ ಪುಟ. ಪರಿಚಯದ ಹುಡುಗನೊಬ್ಬ ‘ಕ್ರೋಮ್ ಫ್ರೇಮ್ ಅಂತ ಪ್ಲಗಿನ್ ಇದೆ, ಹಾಕಿದರೆ ಹಳೆ ಬ್ರೌಸರ್ ಹೊಸದರ ಥರ ಆಗುತ್ತೆ’ ಅಂದ. ಹುಡುಕಿದರೆ ಎಲ್ಲೆಲ್ಲೋ ಡೌನ್‌ಲೋಡ್ ಲಿಂಕ್ ಸಿಗುತ್ತಿದೆ. ಹಾಕಲಾ? (ಓದುಗರು, ಚನ್ನಗಿರಿ)

ಉತ್ತರ: ಬೇಡ, ದಯವಿಟ್ಟು ಹಾಕಬೇಡಿ.

ಆ ಹುಡುಗ ಹೇಳಿದ್ದು ಸುಳ್ಳಲ್ಲ. ಕ್ರೋಮ್ ಫ್ರೇಮ್ ಅನ್ನುವುದು ನಿಜವಾಗಿಯೂ ಇತ್ತು, ಗೂಗಲ್ಲೇ ಅದನ್ನು ಕೊಟ್ಟಿತ್ತು. ಆದರೆ ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಿಂದ 9ರವರೆಗಿನ ಬ್ರೌಸರ್‌ಗಳಿಗೆ ಮಾಡಿದ್ದು. 2014ರ ಜನವರಿಯಲ್ಲಿ ಅದಕ್ಕೆ ಬೆಂಬಲವೂ ನಿಂತಿತು. ಒಳಗಿರುವ ಎಂಜಿನ್, ಅಂದರೆ ಪುಟವನ್ನು ಓದಿ ಪರದೆಯ ಮೇಲೆ ಮೂಡಿಸುವ ಭಾಗ, ಆ ಕಾಲದ್ದೇ. ನಿಮ್ಮ ಕ್ರೋಮ್ 109 ಬಂದಿದ್ದು 2023ರಲ್ಲಿ, ಅಂದರೆ ಅದು ಇದಕ್ಕಿಂತ ಒಂಬತ್ತು ವರ್ಷ ಹೊಸದು. ಇನ್ನು ಈಗ ಸಿಗುವ ಲಿಂಕ್‌ಗಳು ಯಾರ್‍ಯಾರದೋ ಕಡೆಯಿಂದ ಬರುವಂಥವು. ಆ ಫೈಲ್ ಒಳಗೆ ಏನು ಸೇರಿಸಿದ್ದಾರೋ ಹೇಳಲಾಗದು. ನಿಮ್ಮ ಅಂಗಡಿಯಲ್ಲಿ ದಿನವೂ ಜನರ ಆಧಾರ್ ನಂಬರ್, ಬ್ಯಾಂಕ್ ಖಾತೆ, ಮೊಬೈಲ್‌ಗೆ ಬಂದ ಓಟಿಪಿ ಎಲ್ಲ ಅದೇ ಕೀಬೋರ್ಡ್ ಮೇಲೆ ಟೈಪ್ ಆಗುತ್ತವೆ, ಅಲ್ವಾ? ಅವರೆಲ್ಲ ನಿಮ್ಮನ್ನು ನಂಬಿ ಬಂದಿರುತ್ತಾರೆ.

ಬಿಳಿ ಪುಟ ಯಾಕೆ ಬರುತ್ತೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಪುಟದ ಅಂದಚೆಂದ ನೋಡಿಕೊಳ್ಳುವ ಸಿಎಸ್‌ಎಸ್‌ನಲ್ಲಿ ತನಗೆ ಗೊತ್ತಿಲ್ಲದ ಸಾಲು ಬಂದರೆ ಬ್ರೌಸರ್ ಅದನ್ನು ಬಿಟ್ಟು ಮುಂದಿನ ಸಾಲಿಗೆ ಹೋಗುತ್ತದೆ. ಪುಟದಿಂದ ಕೆಲಸ ಮಾಡಿಸುವ ಪ್ರೋಗ್ರಾಂ ಭಾಷೆ ಜಾವಾಸ್ಕ್ರಿಪ್ಟ್ ಹಾಗಲ್ಲ. ಫೈಲ್‌ನಲ್ಲಿ ಬ್ರೌಸರ್‌ಗೆ ಗೊತ್ತಿಲ್ಲದ ಒಂದೇ ಒಂದು ಹೊಸ ಬರವಣಿಗೆ ರೀತಿ ಸಿಕ್ಕಿದರೂ ಇಡೀ ಫೈಲನ್ನೇ ಕೈಬಿಡುತ್ತದೆ. ಇವತ್ತಿನ ಎಷ್ಟೋ ಸೈಟ್‌ಗಳು ಪುಟವನ್ನು ಕಟ್ಟುವುದೇ ಜಾವಾಸ್ಕ್ರಿಪ್ಟ್‌ನಿಂದ. ಅದು ಓಡದಿದ್ದರೆ ತೋರಿಸಲು ಏನೂ ಇರುವುದಿಲ್ಲ.

ನಿಮಗೆ ಎರಡು ದಾರಿ ಇದೆ. ಸದ್ಯಕ್ಕೆ ಫೈರ್‌ಫಾಕ್ಸ್ 115ರ ಇಎಸ್‌ಆರ್ (ಹೆಚ್ಚು ಕಾಲ ಬೆಂಬಲ ಸಿಗುವ) ಆವೃತ್ತಿಯನ್ನು ಅದನ್ನು ಮಾಡುವ ಮೊಜಿಲ್ಲಾದ ಸ್ವಂತ ಸೈಟ್‌ನಿಂದಲೇ ಇಳಿಸಿಕೊಂಡು ನೋಡಿ. ವಿಂಡೋಸ್ 7ಕ್ಕಾಗಿ ಅದರ ಭದ್ರತಾ ಅಪ್‌ಡೇಟ್‌ಗಳ ಗಡುವನ್ನು ಮೊಜಿಲ್ಲಾ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹಾಕಿದೆ. ಗಡುವು ಯಾವತ್ತು ಮುಗಿಯುತ್ತೆ ಅಂತ ಅಲ್ಲೇ ನೋಡಿಕೊಳ್ಳಿ. ಇದರಿಂದ ಎಲ್ಲ ಬಿಳಿ ಪುಟಗಳೂ ಸರಿಹೋಗುವುದಿಲ್ಲ, ಸ್ವಲ್ಪ ಸಮಯ ಮಾತ್ರ ಸಿಗುತ್ತೆ. ಎರಡನೆಯ ದಾರಿ, ಆ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕುವುದು. 4 ಜಿಬಿ ರ್‍ಯಾಮ್ ಇದ್ದರೆ ಸಾಕು, ಹೊಸ ಫೈರ್‌ಫಾಕ್ಸ್ ಅದರಲ್ಲಿ ಆರಾಮಾಗಿ ಓಡುತ್ತೆ. ಆದರೆ ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಶುರು ಮಾಡಿ, ನಿಮ್ಮ ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ತೆಗೆಯುವ ಡಬ್ಬಿ ಕೆಲಸ ಮಾಡುತ್ತವಾ ನೋಡಿ. ಬೆರಳಚ್ಚಿನ ಡಬ್ಬಿ ವಿಂಡೋಸ್ ಬಿಟ್ಟು ಬೇರೆಡೆ ಕೈಕೊಡುವುದು ಜಾಸ್ತಿ. ಹಾಗಾದರೆ ಆ ಕೆಲಸವನ್ನು ಇನ್ನೊಂದು ಕಂಪ್ಯೂಟರ್‌ಗೆ ಬಿಡಿ.

ಪ್ರಶ್ನೆ: ನಾನು ಬಿಸಿಎ ಓದುತ್ತಿದ್ದೇನೆ. ಕ್ಲಾಸಿನಲ್ಲಿ ಕ್ರೋಮ್ ಫ್ರೇಮ್ ಹೆಸರು ಬಂತು, ಒಂದೇ ವಾಕ್ಯದಲ್ಲಿ ಮುಗಿದುಹೋಯಿತು. ಒಂದು ಬ್ರೌಸರ್ ಒಳಗೆ ಇನ್ನೊಂದು ಬ್ರೌಸರ್ ಹೇಗೆ ಓಡುತ್ತಿತ್ತು? ಅಷ್ಟು ಒಳ್ಳೆಯದಾಗಿದ್ದರೆ ನಿಲ್ಲಿಸಿದ್ದು ಯಾಕೆ? (ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಇದನ್ನು ಕೇಳಿದ್ದಕ್ಕೆ ಖುಷಿಯಾಯಿತು, ನಾನು ಆ ಕಾಲದಲ್ಲಿ ವೆಬ್‌ಸೈಟ್ ಕಟ್ಟುವ ಕೆಲಸ ಮಾಡಿಕೊಂಡಿದ್ದವನು.

ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಬಂದಿದ್ದು 2001ರಲ್ಲಿ, ವಿಂಡೋಸ್ ಎಕ್ಸ್‌ಪಿ ಜೊತೆ. ಏಳನೆಯ ಆವೃತ್ತಿ ಬಂದಿದ್ದು 2006ರ ಅಕ್ಟೋಬರ್‌ನಲ್ಲಿ. ನಡುವಿನ ಐದು ವರ್ಷ ಏನೂ ಇಲ್ಲ. ಆ ಐದು ವರ್ಷದಲ್ಲಿ ಕಂಪನಿಗಳು, ಬ್ಯಾಂಕುಗಳು, ಸರ್ಕಾರಿ ಕಚೇರಿಗಳು ತಮ್ಮ ಒಳಗಿನ ಸಾಫ್ಟ್‌ವೇರನ್ನೆಲ್ಲ ಆರಕ್ಕೇ ಅಳತೆ ತೆಗೆದು ಹೊಲಿಸಿಕೊಂಡವು. ಆಮೇಲೆ ಹೊಸದಕ್ಕೆ ಹೋಗೋಣ ಅಂದರೆ ಹಾಜರಿ, ಸಂಬಳ, ಉಗ್ರಾಣದ ಲೆಕ್ಕ ಯಾವುದೂ ತೆರೆಯುವುದಿಲ್ಲ! ಜನ ಹಳೆಯದರಲ್ಲಿ ಕೂತಿದ್ದು ಸೋಮಾರಿತನದಿಂದಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಗ ನಮ್ಮ ಕಸುಬಿನವರು ಆ ಜನರನ್ನೇ ಬೈಯುತ್ತಿದ್ದರು.

ಸೈಟ್ ಕಟ್ಟುವವರ ಪಾಡೂ ಕಷ್ಟವೇ ಇತ್ತು. ಹಿಂಬದಿ ಪಾರದರ್ಶಕವಾಗಿರುವ ಪಿಎನ್‌ಜಿ ಚಿತ್ರ ಹಾಕಿದರೆ ಆರರಲ್ಲಿ ಸುತ್ತ ಬೂದು ಬಣ್ಣದ ಡಬ್ಬಿ ಬರುತ್ತಿತ್ತು. ಮೂಲೆ ದುಂಡಗೆ ಮಾಡಲು ನಾಲ್ಕು ಪುಟ್ಟ ಚಿತ್ರ ಕತ್ತರಿಸಿ ಅಂಟಿಸಬೇಕಿತ್ತು.

2009ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಕ್ರೋಮ್ ಫ್ರೇಮ್ ಬಿಟ್ಟಿತು. ಗೂಗಲ್ ವೇವ್ ಅಂತ ಅವರ ಒಂದು ಹೊಸ ಸೇವೆ ಬರುವುದರಲ್ಲಿತ್ತು. ಅದನ್ನು ಎಕ್ಸ್‌ಪ್ಲೋರರ್‌ನಲ್ಲಿ ಓಡಿಸಲು ಒದ್ದಾಡಿ ಸಾಕಾಗಿ, ಬ್ರೌಸರನ್ನೇ ಒಳಗಿನಿಂದ ಬದಲಿಸುವ ದಾರಿ ಹಿಡಿದರು. ಕೆಲಸ ಮಾಡುವ ರೀತಿ ಹೀಗೆ. ಕಿಟಕಿ, ವಿಳಾಸದ ಪಟ್ಟಿ, ಮೇಲಿನ ಬಟನ್‌ಗಳು ಎಲ್ಲ ಎಕ್ಸ್‌ಪ್ಲೋರರ್‌ನವೇ. ಪುಟ ಕಾಣುವ ಜಾಗದಲ್ಲಿ ಮಾತ್ರ ಕ್ರೋಮ್‌ನ ವೆಬ್‌ಕಿಟ್ ಎಂಜಿನ್, ಜಾವಾಸ್ಕ್ರಿಪ್ಟ್‌ಗೆ ವಿ8. ಯಾವ ಪುಟಕ್ಕೆ ಯಾವ ಎಂಜಿನ್ ಅಂತ ಹೇಳುವವರು ಸೈಟ್ ಮಾಡಿದವರು. ಪುಟದ ತಲೆಭಾಗದಲ್ಲಿ ‘ಕ್ರೋಮ್=1’ ಅಂತ ಒಂದೇ ಸಾಲಿನ ಮೆಟಾ ಟ್ಯಾಗ್ ಹಾಕಿದರೆ ಆಯಿತು. ಆ ಸಾಲು ಇಲ್ಲದ ಪುಟ ಮೊದಲಿನಂತೆ ಹಳೆ ಎಂಜಿನ್‌ನಲ್ಲೇ ತೆರೆಯುತ್ತಿತ್ತು. ಅದರ ಜಾಣತನ ಇರುವುದೇ ಇಲ್ಲಿ. ಬೆಳಿಗ್ಗೆ ಹಳೆ ಹಾಜರಿ ಸಾಫ್ಟ್‌ವೇರ್, ಪಕ್ಕದಲ್ಲೇ ಹೊಸ ಸೈಟ್, ಎರಡೂ ಒಂದೇ ಬ್ರೌಸರ್‌ನಲ್ಲಿ ನಡೆಯುತ್ತಿದ್ದವು. ಬಳಸುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಪುಟದ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಮೆನುವಿನಲ್ಲಿ ‘ಅಬೌಟ್ ಕ್ರೋಮ್ ಫ್ರೇಮ್’ ಅಂತ ಕಂಡರೆ ಒಳಗೆ ಕ್ರೋಮ್ ಇದೆ ಅಂತ ಅರ್ಥ.

ಆಗ ನಾನು ಒಂದು ಕಚೇರಿಗೆ ವರದಿ ತೋರಿಸುವ ಪುಟ ಮಾಡಿಕೊಡುತ್ತಿದ್ದೆ, ಹೆಸರು ಬೇಡ. ತಿಂಗಳ ಲೆಕ್ಕವನ್ನು ಗ್ರಾಫ್‌ನಲ್ಲಿ ತೋರಿಸಬೇಕಿತ್ತು, ಅದನ್ನು ಕ್ಯಾನ್ವಾಸ್‌ನಲ್ಲಿ, ಅಂದರೆ ಪುಟದಲ್ಲೇ ಚಿತ್ರ ಬಿಡಿಸುವ ಹೊಸ ಬ್ರೌಸರ್‌ಗಳ ಸೌಲಭ್ಯದಲ್ಲಿ, ಬರೆದಿದ್ದೆ. ಅಲ್ಲಿನ ಗುಮಾಸ್ತೆಯೊಬ್ಬರ ಮೇಜಿನ ಮೇಲೆ ಎಕ್ಸ್‌ಪ್ಲೋರರ್ 6. ಗ್ರಾಫ್ ಇರಬೇಕಾದ ಜಾಗ ಖಾಲಿ. ಏನನ್ನಾದರೂ ಹೊಸದಾಗಿ ಹಾಕಲು ಅವರಿಗೆ ಅಡ್ಮಿನ್ ಪಾಸ್‌ವರ್ಡ್ ಇರಲಿಲ್ಲ, ಕೇಳಿದರೆ ಅರ್ಜಿ ಕೊಡಿ ಅನ್ನುತ್ತಿದ್ದರು. 2011ರಲ್ಲಿ ಅಡ್ಮಿನ್ ಅನುಮತಿ ಇಲ್ಲದೆಯೂ ಹಾಕಿಕೊಳ್ಳಬಹುದಾದ ಕ್ರೋಮ್ ಫ್ರೇಮ್ ಬಂತು. ಮೇಲಿನವರನ್ನು ಕೇಳಿ, ಒಪ್ಪಿಗೆ ಪಡೆದು, ಅದನ್ನು ಹಾಕಿ ಪುಟ ಮತ್ತೆ ತೆರೆದೆವು. ಗ್ರಾಫ್ ಬಂತು. ಆ ಅಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮುಖ ಹತ್ತಿರ ತಂದು, ‘ಮಾರ್ಚ್ ತಿಂಗಳು ಇಷ್ಟು ಎತ್ತರ ಯಾಕಿದೆ’ ಅಂತ ಕೇಳಿದರು. ಪ್ಲಗಿನ್ ಬಗ್ಗೆ ಒಂದು ಮಾತೂ ಇಲ್ಲ. ಅವರಿಗೆ ಬೇಕಾಗಿದ್ದು ಲೆಕ್ಕ, ಅದು ಕಂಡಿತು, ಅಷ್ಟೇ.

ವಿರೋಧವೂ ಬಂತು. ಒಂದು ಬ್ರೌಸರ್ ಒಳಗೆ ಇನ್ನೊಂದನ್ನು ಇಟ್ಟರೆ ದಾಳಿಗೆ ಸಿಗುವ ಜಾಗ ಎರಡರಷ್ಟಾಗುತ್ತೆ ಅಂತ ಮೈಕ್ರೋಸಾಫ್ಟ್ ಹೇಳಿತು. ಮೊಜಿಲ್ಲಾದ ಮಿಚೆಲ್ ಬೇಕರ್ ಕೂಡ ಒಪ್ಪಲಿಲ್ಲ. ಒಂದೇ ಕಿಟಕಿಯಲ್ಲಿ ಎರಡು ಎಂಜಿನ್ ಇದ್ದರೆ, ಪಾಸ್‌ವರ್ಡ್, ಭದ್ರತೆಯ ಸೆಟ್ಟಿಂಗ್ ಇವೆಲ್ಲ ಯಾರ ಕೈಯಲ್ಲಿವೆ ಅಂತ ಬಳಸುವವರಿಗೇ ತಿಳಿಯದೆ ಹೋಗುತ್ತೆ ಅನ್ನುವುದು ಅವರ ಚಿಂತೆ. ಮೊಜಿಲ್ಲಾದಲ್ಲೇ ವ್ಲಾಡಿಮಿರ್ ವುಕಿಚೆವಿಚ್ ಅನ್ನುವ ಎಂಜಿನಿಯರ್ 2008ರಲ್ಲಿ ಎಕ್ಸ್‌ಪ್ಲೋರರ್‌ಗೆ ಕ್ಯಾನ್ವಾಸ್ ತರುವ ಪ್ಲಗಿನ್ ಮಾಡಿ ನೋಡಿದ್ದರು. ಅದು ಕ್ಯಾನ್ವಾಸ್‌ಗೆ ಮಾತ್ರ, ಗೂಗಲ್ ಪೂರ್ತಿ ಎಂಜಿನ್ನನ್ನೇ ತಂದು ಕೂರಿಸಿತು.

ಬೇಕರ್ ಅವರ ಮಾತಿನಲ್ಲಿ ಸತ್ಯ ಇತ್ತು ಅಂತ ಈಗ ನನಗೆ ಅನ್ನಿಸುತ್ತೆ. ಆದರೂ ಕ್ರೋಮ್ ಫ್ರೇಮ್ ಬಗ್ಗೆ ನನ್ನ ಗೌರವ ಕಡಿಮೆಯಾಗಿಲ್ಲ. ಬೇರೆ ದಾರಿ ಇಲ್ಲದವರಿಗೆ ಅದು ದಾರಿ ಕೊಟ್ಟಿತು. ಎಕ್ಸ್‌ಪ್ಲೋರರ್ 9 ಬಂದಾಗ ಎಕ್ಸ್‌ಪಿಗೆ ಅದನ್ನು ಕೊಡಲೇ ಇಲ್ಲ. ಎಕ್ಸ್‌ಪಿ ಇದ್ದವರಿಗೆ ಎಂಟೇ ಕೊನೆ. ಕೆಲಸ ಮುಗಿದಾಗ ಅದನ್ನು ಮಾಡಿದವರೇ ಬಾಗಿಲು ಹಾಕಿದರು. ಹೆಚ್ಚಿನ ಜನ ಈಗ ಹೊಸ ಬ್ರೌಸರ್‌ಗಳಲ್ಲಿದ್ದಾರೆ ಅಂತ 2013ರ ಜೂನ್‌ನಲ್ಲಿ ಹೇಳಿ, ಏಳು ತಿಂಗಳ ಸಮಯ ಕೊಟ್ಟು ನಿಲ್ಲಿಸಿದರು. ನೀನು ಮುಂದೆ ಇಂಥದ್ದೇನಾದರೂ ಮಾಡುವುದಾದರೆ, ಯಾವಾಗ ತೆಗೆಯುತ್ತೇವೆ ಅನ್ನುವುದನ್ನು ಮೊದಲ ದಿನವೇ ಬರೆದಿಟ್ಟುಕೋ ತಂಗಿ.

ಪ್ರಶ್ನೆ: ‘ನಿಮ್ಮ ಬ್ರೌಸರ್ ಹಳೆಯದು, ಈ ಪ್ಲಗಿನ್ ಹಾಕಿ’ ಅಂತ ವಿಡಿಯೊ ನೋಡುವಾಗ ಬರುತ್ತೆ. ಒತ್ತಬಹುದಾ? (ಓದುಗರು, ಕುಂದಾಪುರ)

ಉತ್ತರ: ಒತ್ತಬೇಡಿ. ಆ ಕಿಟಕಿ ಮುಚ್ಚಿ. ನಿಮ್ಮ ಬ್ರೌಸರ್ ಹಳೆಯದಾ ಅಂತ ಅದರದೇ ಮೆನುವಿನಲ್ಲಿ ‘ಅಬೌಟ್’ ಒತ್ತಿ ನೋಡಿ, ಅಪ್‌ಡೇಟ್ ಇದ್ದರೆ ಅಲ್ಲಿಂದಲೇ ಬರುತ್ತೆ. ಫ್ಲ್ಯಾಶ್, ಜಾವಾ ಥರದ ಹಳೆ ಪ್ಲಗಿನ್‌ಗಳ ಕಾಲ ಮುಗಿದಿದೆ. ಜಾವಾ ಬಗೆಯ ಪ್ಲಗಿನ್‌ಗಳ ದಾರಿಯನ್ನು ಕ್ರೋಮ್ 2015ರಲ್ಲೇ ಮುಚ್ಚಿತು, ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ನಿಂತಿತು. ಈಗ ವಿಡಿಯೊ ನೋಡಲು ಪ್ಲಗಿನ್ ಕೇಳುವ ಸೈಟ್ ನಂಬುವಂಥದ್ದಲ್ಲ.

ಪ್ರಶ್ನೆ: ನಾವು ಮೂರು ಜನ ಸೇರಿ ವೆಬ್‌ಸೈಟ್ ಮಾಡಿಕೊಡುತ್ತೇವೆ. ಹಳೆ ಬ್ರೌಸರ್‌ಗಾಗಿ ಪಾಲಿಫಿಲ್ ಡಾಟ್ ಐಓ ಕಡೆಯ ಸ್ಕ್ರಿಪ್ಟ್ ಹಾಕಿದ್ದೆವು. ಅದನ್ನು ತೆಗೆಯಿರಿ ಅಂತ ಗ್ರಾಹಕರ ಕಡೆಯವರು ಹೇಳುತ್ತಿದ್ದಾರೆ. ಅಷ್ಟು ವರ್ಷ ಸರಿಯಾಗಿದ್ದದ್ದು ಈಗ ಏನಾಯಿತು? (ಓದುಗರು, ಮಂಗಳೂರು)

ಉತ್ತರ: ಅವರು ಹೇಳಿದ್ದು ಸರಿ. ಇವತ್ತೇ ತೆಗೆಯಿರಿ, ಪತ್ರಿಕೆ ಪಕ್ಕಕ್ಕಿಟ್ಟು ಮೊದಲು ಆ ಕೆಲಸ ಮಾಡಿ.

ಉಳಿದ ಓದುಗರಿಗಾಗಿ ಸ್ವಲ್ಪ ಹಿಂದಿನದು. ಬ್ರೌಸರ್‌ಗೆ ಪ್ಲಗಿನ್ ಹಾಕುವ ಬದಲು ಸೈಟ್ ಜೊತೆಗೇ ಒಂದು ಚಿಕ್ಕ ಸ್ಕ್ರಿಪ್ಟ್ ಕಳಿಸಿ, ಹಳೆ ಬ್ರೌಸರ್‌ನಲ್ಲಿ ಇಲ್ಲದ್ದನ್ನು ಅಲ್ಲೇ ತುಂಬಿಕೊಡುವುದಕ್ಕೆ ಪಾಲಿಫಿಲ್ ಅನ್ನುತ್ತಾರೆ. ಹೆಸರಿಟ್ಟವರು ಬ್ರಿಟನ್ನಿನ ರೆಮಿ ಶಾರ್ಪ್. ಅಲ್ಲಿ ಗೋಡೆಯ ಬಿರುಕಿಗೆ ತುಂಬುವ ಪಾಲಿಫಿಲ್ಲಾ ಅನ್ನುವ ಪೇಸ್ಟ್ ಸಿಗುತ್ತೆ, ನಮ್ಮಲ್ಲಿ ಪೇಂಟ್‌ಗೆ ಮೊದಲು ಪುಟ್ಟಿ ಹಾಕುವುದಿಲ್ಲವೇ, ಹಾಗೆ. ಎಚ್‌ಟಿಎಮ್‌ಎಲ್5 ಬಂದಾಗ ‘ಸೆಕ್ಷನ್’, ‘ಆರ್ಟಿಕಲ್’ ಅಂತ ಹೊಸ ಟ್ಯಾಗ್‌ಗಳು ಬಂದವು. ಎಕ್ಸ್‌ಪ್ಲೋರರ್ 8ಕ್ಕೆ ಅವು ಗೊತ್ತಿಲ್ಲ, ಅವಕ್ಕೆ ಕೊಟ್ಟ ಬಣ್ಣ, ಅಂಚು ಏನೂ ಹತ್ತುತ್ತಿರಲಿಲ್ಲ. ಆದರೆ ಜಾವಾಸ್ಕ್ರಿಪ್ಟ್‌ನಲ್ಲಿ ಆ ಹೆಸರಿನ ಟ್ಯಾಗ್ ಒಂದನ್ನು ಒಂದೇ ಒಂದು ಸಲ ಸೃಷ್ಟಿಸಿ, ಬಳಸದೆ ಬಿಟ್ಟರೂ ಸಾಕು, ಅಲ್ಲಿಂದಾಚೆ ಬ್ರೌಸರ್ ಆ ಟ್ಯಾಗನ್ನು ಗುರುತಿಸುತ್ತಿತ್ತು! ಶೂರ್ಡ್ ವಿಸ್ಸರ್ ಅನ್ನುವವರು ಕಂಡುಕೊಂಡ ಈ ಉಪಾಯದ ಮೇಲೆಯೇ ಎಚ್‌ಟಿಎಮ್‌ಎಲ್5 ಶಿವ್ ಅನ್ನುವ ಸ್ಕ್ರಿಪ್ಟ್ ನಿಂತಿತ್ತು. ಲೆಕ್ಕವಿಲ್ಲದಷ್ಟು ಸೈಟ್‌ಗಳು ಅದನ್ನು ಬಳಸಿದವು.

ನೀವು ಹಾಕಿದ್ದ ಸೇವೆ ಇನ್ನೂ ಅನುಕೂಲದ್ದು. ಯಾವ ಬ್ರೌಸರ್ ಕೇಳುತ್ತಿದೆ ಅಂತ ನೋಡಿ, ಅದಕ್ಕೆ ಬೇಕಾದಷ್ಟೇ ಪುಟ್ಟಿ ಕಳಿಸುತ್ತಿತ್ತು. ಹೊಸ ಬ್ರೌಸರ್‌ಗೆ ಹೆಚ್ಚೂಕಡಿಮೆ ಖಾಲಿ ಫೈಲ್. ಅದನ್ನು ಶುರು ಮಾಡಿದ ಆಂಡ್ರ್ಯೂ ಬೆಟ್ಸ್ ಒಳ್ಳೆಯ ಕೆಲಸವನ್ನೇ ಮಾಡಿದ್ದರು. ಆದರೆ 2024ರ ಫೆಬ್ರುವರಿಯಲ್ಲಿ ಆ ಡೊಮೇನ್ ಫನ್‌ನಲ್ ಅನ್ನುವ ಕಂಪನಿಯ ಕೈಸೇರಿತು. ಬೆಟ್ಸ್ ಅವರೇ ಆಗ ‘ತೆಗೆದುಬಿಡಿ’ ಅಂತ ಎಲ್ಲರಿಗೂ ಹೇಳಿದರು. ಜೂನ್‌ನಲ್ಲಿ ವಿಷಯ ಬಯಲಾಯಿತು. ಅದೇ ವಿಳಾಸದಿಂದ ಬರುತ್ತಿದ್ದ ಸ್ಕ್ರಿಪ್ಟ್ ಮೊಬೈಲ್‌ನಲ್ಲಿ ನೋಡುವವರನ್ನು ಬೆಟ್ಟಿಂಗ್ ಸೈಟ್‌ಗಳಿಗೆ ತಳ್ಳುತ್ತಿತ್ತು. ಎಲ್ಲರಿಗೂ ಅಲ್ಲ, ಕೆಲವು ಫೋನ್‌ಗಳಿಗೆ, ಕೆಲವು ಹೊತ್ತಿನಲ್ಲಿ ಮಾತ್ರ. ಹಾಗಾಗಿ ಸೈಟ್ ಮಾಡಿದವರು ತಮ್ಮ ಕಂಪ್ಯೂಟರ್‌ನಲ್ಲಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. 1 ಲಕ್ಷಕ್ಕೂ ಜಾಸ್ತಿ ಸೈಟ್‌ಗಳಲ್ಲಿ ಆ ಸಾಲು ಇತ್ತು.

ಹೊರಗಿನ ಸ್ಕ್ರಿಪ್ಟ್ ಬದಲಾದರೆ ಬ್ರೌಸರ್ ತಡೆಯಲಿ ಅಂತ ಹ್ಯಾಶ್ (ಫೈಲ್‌ನ ಬೆರಳಚ್ಚಿನಂಥ ಸಂಕೇತ) ಹಾಕುವ ವ್ಯವಸ್ಥೆ ಇದೆಯಲ್ಲ, ಅದು ಇಲ್ಲಿ ನಡೆಯುತ್ತಿರಲಿಲ್ಲ. ಒಂದೊಂದು ಬ್ರೌಸರ್‌ಗೆ ಒಂದೊಂದು ಫೈಲ್ ಕೊಡುವುದೇ ಆ ಸೇವೆಯ ಗುಣ. ಹಾಗಿರುವಾಗ ಯಾವ ಹ್ಯಾಶ್ ಬರೆಯುವುದು? ನೀವು ಮಾಡಬೇಕಾದ್ದು ಇಷ್ಟು. ಸಾಲು ತೆಗೆಯಿರಿ. ಗ್ರಾಹಕರ ಸರ್ವರ್ ಲಾಗ್ ತೆರೆದು ಈಗ ಯಾವ್ಯಾವ ಬ್ರೌಸರ್ ಬರುತ್ತಿವೆ ಅಂತ ಎಣಿಸಿ. ನಿಜವಾಗಿ ಬೇಕಾದ ಒಂದೆರಡು ಪಾಲಿಫಿಲ್ ಇದ್ದರೆ ಕೋರ್-ಜೆಎಸ್ ಅನ್ನುವ ಪಾಲಿಫಿಲ್ ಸಂಗ್ರಹದಿಂದ ಅಷ್ಟನ್ನೇ ತೆಗೆದುಕೊಂಡು ನಿಮ್ಮದೇ ಸರ್ವರ್‌ನಲ್ಲಿಡಿ. ಮಾಡಿಕೊಟ್ಟು ಕೈಬಿಟ್ಟ ಹಳೆಯ ಸೈಟ್‌ಗಳನ್ನೂ ಮರೆಯಬೇಡಿ. ಆ ಗ್ರಾಹಕರಿಗೆ ಒಂದೊಂದು ಫೋನ್ ಮಾಡಿ, ದುಡ್ಡು ಕೇಳದೆ ಸರಿಮಾಡಿಕೊಡಿ.

ಪ್ರಶ್ನೆ: ನಮ್ಮ ಕಂಪನಿ ಟೆಂಡರ್ ಹಾಕುವ ಒಂದು ಸೈಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆಯುತ್ತೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11, ಎಕ್ಸ್‌ಪ್ಲೋರರ್ ಇಲ್ಲವೇ ಇಲ್ಲ. ಏನು ಮಾಡಲಿ? (ಓದುಗರು, ಕಲಬುರಗಿ)

ಉತ್ತರ: ಇದು ಕ್ರೋಮ್ ಫ್ರೇಮ್‌ನ ಕಥೆಯನ್ನೇ ತಿರುಗಿಸಿ ಹಾಕಿದಂತೆ. ಆಗ ಹಳೆ ಬ್ರೌಸರ್ ಒಳಗೆ ಹೊಸ ಎಂಜಿನ್, ಈಗ ಹೊಸ ಬ್ರೌಸರ್ ಒಳಗೆ ಹಳೆ ಎಂಜಿನ್. ಎಕ್ಸ್‌ಪ್ಲೋರರ್ 11ರ ಬೆಂಬಲ 2022ರ ಜೂನ್ 15ಕ್ಕೆ ಮುಗಿಯಿತು, ಆದರೆ ಅದರ ಎಂಜಿನ್ ಎಡ್ಜ್ ಒಳಗೆ ಐಇ ಮೋಡ್ ಹೆಸರಲ್ಲಿ ಇದೆ. ಕಡೇಪಕ್ಷ 2029ರವರೆಗೆ ಇಡುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳಿದೆ.

ಎಡ್ಜ್‌ನ ಸೆಟ್ಟಿಂಗ್ಸ್‌ನಲ್ಲಿ ‘ಡೀಫಾಲ್ಟ್ ಬ್ರೌಸರ್’ ಅನ್ನುವಲ್ಲಿಗೆ ಹೋಗಿ. ಸೈಟ್‌ಗಳನ್ನು ಎಕ್ಸ್‌ಪ್ಲೋರರ್ ಮೋಡ್‌ನಲ್ಲಿ ಮತ್ತೆ ತೆರೆಯಲು ಬಿಡುವ ಆಯ್ಕೆಯನ್ನು ‘ಅಲೋ’ ಮಾಡಿ, ಎಡ್ಜ್ ಮುಚ್ಚಿ ಮತ್ತೆ ತೆರೆಯಿರಿ. ಅದರ ಕೆಳಗೇ ಪಟ್ಟಿ ಇರುತ್ತೆ, ಆ ಸೈಟ್‌ನ ವಿಳಾಸ ಸೇರಿಸಿ. ಡಿಜಿಟಲ್ ಸಹಿಗೆ ಬೇಕಾದ ಆಕ್ಟಿವ್‌ಎಕ್ಸ್ (ಎಕ್ಸ್‌ಪ್ಲೋರರ್‌ನ ಹಳೆ ಬಗೆಯ ಪ್ಲಗಿನ್) ಕೂಡ ಅಲ್ಲಿ ಓಡುತ್ತೆ. ಆದರೆ ಹೀಗೆ ಸೇರಿಸಿದ ವಿಳಾಸ 30 ದಿನ ಮಾತ್ರ ಪಟ್ಟಿಯಲ್ಲಿರುತ್ತೆ, ಆಮೇಲೆ ಮತ್ತೆ ಸೇರಿಸಬೇಕು. ಟೆಂಡರ್‌ನ ಕೊನೇ ದಿನ ಸಂಜೆ ಇದು ಗೊತ್ತಾದರೆ ಕೈಕಾಲು ಆಡುವುದಿಲ್ಲ, ಅದಕ್ಕೇ ಹಿಂದಿನ ದಿನವೇ ನೋಡಿಕೊಳ್ಳಿ. ಬೇರೆ ಯಾವ ಸೈಟನ್ನೂ ಆ ಪಟ್ಟಿಗೆ ಸೇರಿಸಬೇಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2003-04ರಲ್ಲಿ ಕನ್ನಡದ ಕೆಲವು ಜಾಲತಾಣಗಳಿಂದ ಲೇಖನಗಳನ್ನು ಸಿಡಿಯಲ್ಲಿ ಉಳಿಸಿಕೊಂಡಿದ್ದೆ. ಈಗ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟುಗಳ ರಾಶಿ. ಅಕ್ಷರಗಳು ಹಾಳಾಗಿವೆಯೇ? ಇದಕ್ಕೂ ಏನಾದರೂ ಪ್ಲಗಿನ್ ಇದೆಯೇ? (ಓದುಗರು, ಧಾರವಾಡ)

ಉತ್ತರ: ಗುರುಗಳೇ, ಹಾಳಾಗಿಲ್ಲ. ಎಲ್ಲವೂ ಅಲ್ಲೇ ಇದೆ.

ಆಗ ಯೂನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಅವುಗಳದೇ ಸಂಖ್ಯೆ ಕೊಡುವ ವ್ಯವಸ್ಥೆ, ಇತ್ತು, ಆದರೆ ಜನರ ಕಂಪ್ಯೂಟರ್‌ಗಳು ಅದಕ್ಕೆ ಸಿದ್ಧವಾಗಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅನ್ನುವ ಕನ್ನಡ ಫಾಂಟ್ ಬಂದಿತ್ತು, ಆದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಒಂದು ಚೌಕದಲ್ಲಿ ಗುರುತು ಹಾಕಿ, ವಿಂಡೋಸ್ ಸಿಡಿ ಹಾಕದಿದ್ದರೆ ಒತ್ತಕ್ಷರ ಕೂರುತ್ತಿರಲಿಲ್ಲ. ಕನ್ನಡ ಅನ್ನುವುದೇ ಕನ್‌ನಡ ಅಂತ ಕಾಣುತ್ತಿತ್ತು, ವಿದ್ಯಾರ್ಥಿ ಹೋಗಿ ವಿದ್‌ಯಾರ್‌ಥಿ. ಹಾಗಾಗಿ ತಾಣಗಳವರು ಬೇರೆ ದಾರಿ ಹಿಡಿದರು. ಇಂಗ್ಲಿಷ್ ಅಕ್ಷರದ ಸಂಖ್ಯೆಗಳ ಜಾಗದಲ್ಲಿ ಕನ್ನಡದ ಅಕ್ಷರದ ತುಂಡುಗಳನ್ನು ಕೂರಿಸಿದ ಫಾಂಟ್ ಮಾಡಿ, ಅದನ್ನು ಪುಟದ ಜೊತೆಗೇ ಕಳಿಸುತ್ತಿದ್ದರು. ಡೈನಮಿಕ್ ಫಾಂಟ್ ಅಂತ ಕರೆಯುತ್ತಿದ್ದದ್ದು ಇದನ್ನೇ. ಎಕ್ಸ್‌ಪ್ಲೋರರ್‌ಗೆ ಕಳಿಸುತ್ತಿದ್ದ ಬಗೆಯ ಫಾಂಟ್ ಬೇರೆ ಬ್ರೌಸರ್‌ಗಳಲ್ಲಿ ನಡೆಯುತ್ತಿರಲಿಲ್ಲ. ಅದನ್ನು ಆಯಾ ತಾಣದ ವಿಳಾಸಕ್ಕೆ ಕಟ್ಟಿಹಾಕಲೂ ಬರುತ್ತಿತ್ತು, ಹಾಗೆ ಕಟ್ಟಿದ್ದು ನಿಮ್ಮ ಸಿಡಿಯಿಂದ ತೆರೆದರೆ ಕೆಲಸ ಮಾಡುವುದಿಲ್ಲ.

ಪ್ಲಗಿನ್ ಒಂದು ಕಾಲದಲ್ಲಿ ಇತ್ತು. ಪದ್ಮ ಅನ್ನುವ ಫೈರ್‌ಫಾಕ್ಸ್ ಆಡ್-ಆನ್. ತೆಲುಗಿನಿಂದ ಶುರುವಾಗಿ ಬೇರೆ ಭಾರತೀಯ ಭಾಷೆಗಳಿಗೂ ಹಬ್ಬಿತು. ಇಂಥ ಪುಟ ತೆರೆದ ಕೂಡಲೇ ಅಲ್ಲೇ ಯೂನಿಕೋಡ್‌ಗೆ ಬದಲಿಸಿ ತೋರಿಸುತ್ತಿತ್ತು. ಎಂಥ ಉಪಕಾರದ ಕೆಲಸ ಅದು! 2017ರಲ್ಲಿ ಫೈರ್‌ಫಾಕ್ಸ್ 57 ಬಂದಾಗ ಹಳೆಯ ಬಗೆಯ ಆಡ್-ಆನ್‌ಗಳೆಲ್ಲ ನಿಂತವು.

ಈಗ ಉಳಿದ ದಾರಿ ಪರಿವರ್ತಕಗಳದ್ದು. ಮೊದಲು ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ‘ಫಾಂಟ್ ಫೇಸ್’ (ಇಂಗ್ಲಿಷ್‌ನಲ್ಲಿ font face) ಅಂತ ಎಲ್ಲಿದೆ ಹುಡುಕಿ. ಪಕ್ಕದಲ್ಲೇ ಫಾಂಟ್ ಹೆಸರು ಇರುತ್ತೆ. ನುಡಿ ಅಥವಾ ಬರಹದ ಫಾಂಟ್ ಆಗಿದ್ದರೆ ಆಸ್ಕಿಯಿಂದ (ಇಂಥ ಹಳೆ ಫಾಂಟ್‌ಗಳ ಬರಹವನ್ನು ಹೀಗೆ ಕರೆಯುತ್ತಾರೆ) ಯೂನಿಕೋಡ್‌ಗೆ ಬದಲಿಸುವ ಸಾಧನ ಸುಲಭವಾಗಿ ಸಿಗುತ್ತೆ. ಶ್ರೀಲಿಪಿಯಂಥ ಬೇರೆಯದಾದರೆ ಅದರದೇ ಪರಿವರ್ತಕ ಬೇಕು, ಒಂದರ ಜೋಡಣೆ ಇನ್ನೊಂದಕ್ಕೆ ಆಗುವುದಿಲ್ಲ.

ಬದಲಿಸಿದ ಮೇಲೆ ಅರ್ಕಾವತ್ತನ್ನು ಕಣ್ಣಿಟ್ಟು ನೋಡಿ. ‘ಕರ್ಮ’ ಬರೆಯುವಾಗ ಹಳೆ ಫಾಂಟ್‌ಗಳಲ್ಲಿ ಕಣ್ಣಿಗೆ ಕಾಣುವ ಹಾಗೇ ಮೊದಲು ಮ, ಆಮೇಲೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಹಾಗೆ ರ್ ಮೊದಲು, ಮ ಆಮೇಲೆ. ಒಂದಕ್ಕೊಂದು ಅಕ್ಷರ ಬದಲಿಸಿದರೆ ಸಾಲದು, ಜಾಗವನ್ನೂ ಅದಲುಬದಲು ಮಾಡಬೇಕು. ಕಳಪೆ ಪರಿವರ್ತಕಗಳು ಎಡವುವುದು ಇಲ್ಲೇ. ಸೂರ್ಯ, ವರ್ಷ, ಕಾರ್ಯದರ್ಶಿ ಇಂಥ ಪದಗಳಿರುವ ಒಂದು ಪುಟವನ್ನು ಮೊದಲು ಬದಲಿಸಿ ಓದಿ. ಅವು ಸರಿಯಾಗಿದ್ದರೆ ಉಳಿದವನ್ನೂ ಬದಲಿಸಿ, ಆದರೆ ಮೂಲ ಫೈಲ್‌ಗಳನ್ನು ಅಳಿಸಬೇಡಿ. ಸಿಡಿ ಇಪ್ಪತ್ತು ವರ್ಷ ಹಳೆಯದು, ಅದಕ್ಕೇ ಎಲ್ಲಕ್ಕಿಂತ ಮೊದಲು ಅದರಲ್ಲಿರುವುದನ್ನೆಲ್ಲ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಯಾವುದಾದರೂ ಪುಟ ಎಷ್ಟು ಮಾಡಿದರೂ ಬಗ್ಗದಿದ್ದರೆ ಅದನ್ನೂ, ಅದರ ಫಾಂಟ್ ಹೆಸರನ್ನೂ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ನಾನು ಕೂತು ನೋಡುತ್ತೇನೆ.